ಸಿ ಸಿಕ್ಕಿತು ಅಂದ ಮಾತ್ರಕ್ಕೆ ರೋಲ್ಸ್ ಥಿಯರಂ ವೆರಿಫೈ ಆಗುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ವಿದ್ಯಾರ್ಥಿ ಪುಟದಲ್ಲಿ ಹೋದ ವಾರ ಡಿಗ್ರಿ ಫಸ್ಟ್ ಸೆಮಿಸ್ಟರ್ ಗಣಿತದ ಮಾದರಿ ಪ್ರಶ್ನೋತ್ತರ ಬಂದಿತ್ತಲ್ಲ, ಅದ್ರಲ್ಲಿ ರೋಲ್ಸ್ ಥಿಯರಂ ಮೇಲಿನ ಒಂದು ಲೆಕ್ಕ ತಪ್ಪಾಗಿದೆ. ಅಚ್ಚಿನ ತಪ್ಪಾಗಿದ್ರೆ ನಾನು ಬರೀತಿರ್ಲಿಲ್ಲ, ಇದು ಲೆಕ್ಕ ಮಾಡಿದ ದಾರಿಯೇ ತಪ್ಪು, ಅದೂ ಕೊನೆಗೆ ಬಂದ ನಂಬರ್ ಸರಿ ಇರುವ ತಪ್ಪು, ಹಾಗಾಗಿ ಯಾರ ಕಣ್ಣಿಗೂ ಬೀಳುದಿಲ್ಲ. ನಾನು ಪಿಯು ಕಾಲೇಜಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ರಿಟೈರ್ ಆದವ, ಈಗ ನಾಪೋಕ್ಲು ಹತ್ರ ತೋಟ ನೋಡ್ಕೊಂಡು ಇದ್ದೇನೆ. ದಯವಿಟ್ಟು ಪತ್ರ ಉದ್ದ ಆಯ್ತು ಅಂತ ಕತ್ತರಿಸ್ಬೇಡಿ, ಲೆಕ್ಕದ ವಿಷಯ ಅರ್ಧ ಹೇಳಿದ್ರೆ ಇನ್ನೊಂದು ತಪ್ಪು ಹುಟ್ತದೆ.

ಲೆಕ್ಕ ಇದು. ಎಫ್ ಆಫ್ ಎಕ್ಸ್ ಅಂದ್ರೆ ಎಕ್ಸ್ ಸ್ಕ್ವೇರ್ ಮೈನಸ್ 1, ಅದಕ್ಕೆ ಪೂರ್ತಿ ಮಾಡ್ಯುಲಸ್, ಅಂದ್ರೆ ಬೆಲೆ ಮೈನಸ್ ಬಂದ್ರೆ ಪ್ಲಸ್ ಮಾಡುವ ಗುರುತು, ಹಾಕಿದ್ದಾರೆ, ಇಂಟರ್ವಲ್ ಮೈನಸ್ 2 ರಿಂದ 2. ರೋಲ್ಸ್ ಥಿಯರಂ ವೆರಿಫೈ ಮಾಡಿ ಅಂತ ಪ್ರಶ್ನೆ. ಮೂರು ಷರತ್ತು ಸರಿ ಇದ್ರೆ ಇಂಟರ್ವಲ್ ಒಳಗೆ ಎಲ್ಲೋ ಒಂದು ಬಿಂದುವಿನಲ್ಲಿ ಡೆರಿವೇಟಿವ್, ಅಂದ್ರೆ ಗ್ರಾಫಿನ ಇಳಿಜಾರು, ಸೊನ್ನೆ ಆಗಲೇಬೇಕು ಅನ್ನುದು ಆ ಥಿಯರಂ; ಆ ಬಿಂದುವಿಗೇ ಸಿ ಅನ್ನುದು. ನಿಮ್ಮ ಪುಟದಲ್ಲಿ ಕೊಟ್ಟ ಉತ್ತರ ನಾಲ್ಕು ಸಾಲು: ಎರಡು ತುದಿಯಲ್ಲೂ ಬೆಲೆ 3, ಸಮ ಉಂಟು; ಡೆರಿವೇಟಿವ್ 2ಎಕ್ಸ್; 2ಎಕ್ಸ್ ಸೊನ್ನೆ ಆಗುದು ಎಕ್ಸ್ ಸೊನ್ನೆ ಆದಾಗ; ಆದ್ದರಿಂದ ಸಿ ಅಂದ್ರೆ 0, ಅದು ಇಂಟರ್ವಲ್ ಒಳಗೆ ಬರ್ತದೆ, ಥಿಯರಂ ವೆರಿಫೈ ಆಯ್ತು.

ಮಾಡ್ಯುಲಸ್ ಎಲ್ಲಿ ಹೋಯ್ತು? ಅದನ್ನ ಬಿಟ್ಟೇ ಡಿಫರೆನ್ಷಿಯೇಟ್ ಮಾಡಿದ್ದಾರೆ. ಮೈನಸ್ 1 ರಿಂದ 1ರ ಮಧ್ಯದಲ್ಲಿ ಎಕ್ಸ್ ಸ್ಕ್ವೇರ್ ಒಂದಕ್ಕಿಂತ ಕಡಿಮೆ, ಹಾಗಾಗಿ ಅಲ್ಲಿ ಮಾಡ್ಯುಲಸ್ ತೆಗೆದ್ರೆ 1 ಮೈನಸ್ ಎಕ್ಸ್ ಸ್ಕ್ವೇರ್ ಬರ್ಬೇಕು, ಡೆರಿವೇಟಿವ್ ಮೈನಸ್ 2ಎಕ್ಸ್. ಸೊನ್ನೆಯಲ್ಲಿ ಅದೂ ಸೊನ್ನೆಯೇ, ಅದಕ್ಕೆ ನಂಬರ್ ಹೊಂದಿ ಹೋಯ್ತು. ಈಗ 1ರ ಹತ್ರ ನೋಡಿ. ಬಲಗಡೆಯಿಂದ ಬಂದ್ರೆ ಇಳಿಜಾರು ಪ್ಲಸ್ 2, ಎಡಗಡೆಯಿಂದ ಬಂದ್ರೆ ಮೈನಸ್ 2. ಎರಡು ಬೇರೆ ಬೇರೆ, ಅಂದ್ರೆ 1ರಲ್ಲಿ ಡೆರಿವೇಟಿವ್ ಇಲ್ಲ, ಗ್ರಾಫ್ ಅಲ್ಲಿ ನೆಲ ಮುಟ್ಟಿ ಚೂಪಾಗಿ ಮೇಲೆ ತಿರುಗ್ತದೆ, ಮೈನಸ್ 1ರಲ್ಲೂ ಅದೇ ಕತೆ. ರೋಲ್ಸ್ ಥಿಯರಂ ಕೇಳುದು ಮೂರು: ಕ್ಲೋಸ್ಡ್ ಇಂಟರ್ವಲ್ ಪೂರ್ತಿ, ಅಂದ್ರೆ ಎರಡು ತುದಿಯೂ ಸೇರಿ, ಫಂಕ್ಷನ್ ಎಲ್ಲೂ ಮುರಿಯದೆ ಕಂಟಿನ್ಯುಯಸ್ ಇರ್ಬೇಕು, ಓಪನ್ ಇಂಟರ್ವಲ್ ಒಳಗೆ, ಅಂದ್ರೆ ತುದಿ ಎರಡನ್ನ ಬಿಟ್ಟು, ಪ್ರತಿ ಬಿಂದುವಿನಲ್ಲೂ ಡೆರಿವೇಟಿವ್ ಇದ್ದು ಡಿಫರೆನ್ಷಿಯೇಬಲ್ ಇರ್ಬೇಕು, ಎರಡು ತುದಿಯ ಬೆಲೆ ಸಮ ಇರ್ಬೇಕು. ಇಲ್ಲಿ ಮೊದಲನೇದೂ ಮೂರನೇದೂ ಸರಿ, ಎರಡನೇದು ಎರಡು ಕಡೆ ಬಿತ್ತು. ಥಿಯರಂ ಅನ್ವಯ ಆಗುದೇ ಇಲ್ಲ, ಮತ್ತೆ ವೆರಿಫೈ ಮಾಡುದು ಏನನ್ನ?

ಇದು ನನಗೆ ಇಷ್ಟು ತಾಗ್ಲಿಕ್ಕೆ ಕಾರಣ ಉಂಟು. ನನ್ನ ತಮ್ಮನ ಮಗಳು ನಮ್ಮ ಜಿಲ್ಲೆಯದೇ ಒಂದು ಕಾಲೇಜಲ್ಲಿ ಬಿಎಸ್ಸಿ ಓದ್ತಾಳೆ, ಅವಳ ಇಂಟರ್ನಲ್ ಟೆಸ್ಟಿಗೆ ಸರಿಯಾಗಿ ಇದೇ ಲೆಕ್ಕ ಬಂದಿತ್ತು. ಅವಳು ಬ್ಲೂ ಬುಕ್ಕಲ್ಲಿ ಮಾಡ್ಯುಲಸ್ ಬಿಡಿಸಿ, ಮೂರು ತುಂಡು ಮಾಡಿ, 1ರಲ್ಲಿ ಎಡ ಬಲ ಎರಡೂ ತೆಗೆದು, ಡಿಫರೆನ್ಷಿಯೇಬಲ್ ಅಲ್ಲ, ಆದ್ದರಿಂದ ಥಿಯರಂ ಅನ್ವಯಿಸುವುದಿಲ್ಲ ಅಂತ ಬರೆದಿದ್ಳು. ನಾಲ್ಕಕ್ಕೆ ಸೊನ್ನೆ. ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಸಿ ಈಕ್ವಲ್ಸ್ 0 ಅಂತ ಒಂದು ಗೆರೆ. ಕೇಳ್ಲಿಕ್ಕೆ ಹೋದಾಗ ಅವಳ ಮೇಡಂ, ಮಾರ್ಕ್ ಹಾಕುವ ಸ್ಕೀಮಲ್ಲಿ ಹೀಗೇ ಇರುದು ಅಂದ್ರಂತೆ, ಮರುವಾರ ನಿಮ್ಮ ಪುಟ ಬಂತು, ನೋಡು ಪೇಪರಲ್ಲೂ ಹೀಗೇ ಬಂದಿದೆ ಅಂತ ತೋರಿಸಿದ್ರಂತೆ. ಮಗು ಶನಿವಾರ ನಮ್ಮನೆಗೆ ಬಂದು "ದೊಡ್ಡಪ್ಪ, ನಾನು ಮಾಡಿದ್ದು ಸರಿಯಾ ತಪ್ಪಾ ನೀವೇ ಹೇಳಿ, ಪೇಪರಲ್ಲಿ ಬಂದದ್ದು ಸುಳ್ಳಾಗ್ತದಾ" ಅಂತ ಕೇಳಿದ್ಳು, ಕಣ್ಣು ತುಂಬಿತ್ತು. ಅಚ್ಚಾದ ಅಕ್ಷರದ ಮೇಲೆ ಮಕ್ಕಳಿಗೆ ಈಗಲೂ ಇಷ್ಟು ನಂಬಿಕೆ ಉಂಟು, ಅದಕ್ಕೇ ಈ ಪತ್ರ ನಿಮಗೇ ಬರೀತಿರುದು.

ಅವಳ ಉತ್ತರ ಪೂರ್ತಿ ಓದಿದೆ. ಅವಳದ್ದೂ ಒಂದು ತಪ್ಪು ಉಂಟು, ಅದನ್ನ ಮುಚ್ಚಿಡುದು ಸರಿ ಅಲ್ಲ. ಕೊನೇ ಸಾಲಲ್ಲಿ "ಥಿಯರಂ ಅನ್ವಯಿಸದ ಕಾರಣ ಅಂಥ ಸಿ ಇರುವುದಿಲ್ಲ" ಅಂತ ಬರೆದಿದ್ದಾಳೆ. ಇದು ತಪ್ಪು, ಯಾಕಂದ್ರೆ ಸಿ ಉಂಟು, ಸೊನ್ನೆಯಲ್ಲೇ ಉಂಟು. ಷರತ್ತು ಬಿದ್ರೆ ಥಿಯರಂ ಬಾಯಿ ಮುಚ್ಚಿಕೊಳ್ತದೆ ಅಷ್ಟೇ, ಸಿ ಇದೆ ಅಂತಲೂ ಹೇಳುದಿಲ್ಲ, ಇಲ್ಲ ಅಂತಲೂ ಹೇಳುದಿಲ್ಲ. ಹಾಗಾಗಿ ನಾನು ವ್ಯಾಲ್ಯುವೇಶನ್‌ಗೆ ಕೂತಿದ್ರೆ ನಾಲ್ಕರಲ್ಲಿ ಮೂರು ಕೊಡ್ತಿದ್ದೆ, ಒಂದು ಕಟ್ ಮಾಡ್ತಿದ್ದೆ. ನಿಮ್ಮ ಪುಟದ ಉತ್ತರಕ್ಕೆ ಒಂದು ಕೊಡ್ತಿದ್ದೆ, ತುದಿಯ ಬೆಲೆ ನೋಡಿದ್ದಕ್ಕೆ.

ತಮ್ಮನಿಗೆ ಈ ಸೂಕ್ಷ್ಮ ಅರ್ಥ ಆಗ್ಲಿಲ್ಲ, ಸಿ ಇದ್ದಮೇಲೆ ಥಿಯರಂ ಸರಿಯಾಯ್ತಲ್ಲ ಅಣ್ಣ ಅಂದ. ಅವನು ರೋಬಸ್ಟಾ ಬೆಳೆಯುವವ, ಹಾಗಾಗಿ ತೋಟದ್ದೇ ಹೇಳಿದೆ. ಮಾರ್ಚಲ್ಲಿ ಒಂದು ಇಂಚು ಹೂ ಮಳೆ ಸರಿಯಾಗಿ ಬಿದ್ರೆ ವಾರ ಹತ್ತು ದಿನದಲ್ಲಿ ಹೂ ಅರಳ್ತದೆ. ಮಳೆ ಬೀಳದಿದ್ರೂ ಸ್ಪ್ರಿಂಕ್ಲರ್ ಹಾಕಿದ್ರೆ ಹೂ ಅರಳ್ತದೆ. ಈಗ ಯಾರೋ ದಾರಿಯಲ್ಲಿ ಹೋಗುವವರು ತೋಟ ಬೆಳ್ಳಗಾದ್ದು ನೋಡಿ, ಓ ನಿಮ್ಮಲ್ಲಿ ಮಳೆ ಆಯ್ತು ಅಂತ ಬರ್ಕೊಂಡ್ರೆ ಅದು ಸರಿಯಾಗ್ತದಾ? ನಿನ್ನ ಮಳೆ ಮಾಪಕದಲ್ಲಿ ಹತ್ತು ಸೆಂಟೂ (ನೂರು ಸೆಂಟು ಅಂದ್ರೆ ಒಂದು ಇಂಚು) ಇಲ್ಲ. ನಿಮ್ಮ ಪುಟದ ಉತ್ತರ ಹಾಗೆ. ಹಾಗಂತ ಮಳೆ ಬರ್ಲಿಲ್ಲ, ಆದ್ದರಿಂದ ಹೂ ಇಲ್ಲ ಅಂದ್ರೆ ಅದೂ ತಪ್ಪು, ಹೂ ಕಣ್ಣೆದುರಿಗೇ ಉಂಟು. ಮಗಳ ಕೊನೇ ಸಾಲು ಹಾಗೆ. ಮಳೆ ಆಗಿದೆಯಾ ಅಂತ ತಿಳ್ಕೊಳ್ಳಿಕ್ಕೆ ಬೆಳಿಗ್ಗೆ ಎದ್ದು ಮಾಪಕ ನೋಡ್ಬೇಕು, ಹೂವನ್ನಲ್ಲ. ಇಷ್ಟು ಹೇಳಿದ್ದೇ ತಮ್ಮ ಮಗಳ ಕಡೆ ತಿರುಗಿ "ಅಂದ್ರೆ ನೀನೂ ಅರ್ಧ ತಪ್ಪು" ಅಂದ, ಅವಳಿಗೂ ನಗು ಬಂತು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದ್ಳು ನೋಡಿ, ಅದು ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ. ಇದೇ ಫಂಕ್ಷನ್, ಆದರೆ ಇಂಟರ್ವಲ್ ಮೈನಸ್ 1 ರಿಂದ 1 ಮಾತ್ರ ತಗೊಂಡ್ರೆ? ಚೂಪು ಇರುದು ಮೈನಸ್ 1ರಲ್ಲೂ 1ರಲ್ಲೂ, ಈಗ ಅವೆರಡೂ ತುದಿಗೆ ಬಂದವು. ಡಿಫರೆನ್ಷಿಯೇಬಲ್ ಇರಬೇಕಾದ್ದು ಓಪನ್ ಇಂಟರ್ವಲ್ ಒಳಗೆ ಮಾತ್ರ, ತುದಿಯಲ್ಲಿ ಬೇಡ. ಒಳಗೆ ಫಂಕ್ಷನ್ ಬರೀ 1 ಮೈನಸ್ ಎಕ್ಸ್ ಸ್ಕ್ವೇರ್, ಒಂದು ಪಾಲಿನಾಮಿಯಲ್, ಏನೂ ತೊಂದರೆ ಇಲ್ಲ. ತುದಿಯ ಬೆಲೆ ಎರಡೂ ಸೊನ್ನೆ. ಮೂರು ಷರತ್ತೂ ಸರಿ, ಥಿಯರಂ ಧಾರಾಳವಾಗಿ ಅನ್ವಯ ಆಗ್ತದೆ, ಸಿ ಮತ್ತೆ ಅದೇ ಸೊನ್ನೆ. ಅದೇ ಫಂಕ್ಷನ್, ಅದೇ ಸಿ, ಒಂದು ಇಂಟರ್ವಲ್‌ನಲ್ಲಿ ಥಿಯರಂ ನಡೀತದೆ, ಇನ್ನೊಂದರಲ್ಲಿ ನಡಿಯುದಿಲ್ಲ. ಉತ್ತರದ ನಂಬರ್ ಮಾತ್ರ ನೋಡಿ ಮಾರ್ಕ್ ಹಾಕುವವರಿಗೆ ಈ ಎರಡು ಲೆಕ್ಕಕ್ಕೂ ವ್ಯತ್ಯಾಸವೇ ಕಾಣುದಿಲ್ಲ.

ತುದಿಯ ವಿಷಯದಲ್ಲಿ ಉಲ್ಟಾ ತಪ್ಪೂ ನಡೀತದೆ. ರೂಟ್ ಆಫ್ 4 ಮೈನಸ್ ಎಕ್ಸ್ ಸ್ಕ್ವೇರ್, ಮೈನಸ್ 2 ರಿಂದ 2, ಅಂದ್ರೆ ಮೇಲಿನ ಅರ್ಧ ವೃತ್ತ. ಎರಡು ತುದಿಯಲ್ಲಿ ಗೆರೆ ಗೋಡೆ ಹಾಗೆ ನೇರ ನಿಲ್ತದೆ, ಡೆರಿವೇಟಿವ್ ಇಲ್ಲ, ಅದನ್ನ ನೋಡಿ ಜಾಣ ಮಕ್ಕಳೇ ಅನ್ವಯ ಆಗುದಿಲ್ಲ ಅಂತ ಬರೆದು ಮಾರ್ಕ್ ಕಳ್ಕೊಂಡದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ಅನ್ವಯ ಆಗ್ತದೆ. ಆದರೆ ಕಂಟಿನ್ಯುಯಸ್ ಮಾತ್ರ ತುದಿಯಲ್ಲೂ ಬೇಕೇ ಬೇಕು. 0 ರಿಂದ 1ರವರೆಗೆ ಎಫ್ ಆಫ್ ಎಕ್ಸ್ ಅಂದ್ರೆ ಎಕ್ಸ್, ಸರಿಯಾಗಿ 1ಕ್ಕೆ ಬಂದಾಗ ಮಾತ್ರ ಬೆಲೆ 0 ಅಂತ ಇಟ್ಕೊಳ್ಳಿ. ತುದಿ ಎರಡೂ ಸೊನ್ನೆ, ಒಳಗೆಲ್ಲ ಡಿಫರೆನ್ಷಿಯೇಬಲ್, ಇಳಿಜಾರು ಎಲ್ಲಾ ಕಡೆ 1, ಎಲ್ಲೂ ಸೊನ್ನೆ ಇಲ್ಲ. ಗುಡ್ಡ ಹತ್ತಿ ಹತ್ತಿ ಕೊನೇ ಹೆಜ್ಜೆಗೆ ಬರೆ, ಅಂದ್ರೆ ಗುಡ್ಡದ ಅಂಚಿನ ಮಣ್ಣು, ಕುಸಿದು ಸೀದಾ ರಸ್ತೆಗೆ ಬಿದ್ದ ಹಾಗೆ. ಆ ಒಂದು ಬಿಂದುವಿಗಾಗಿಯೇ ಕ್ಲೋಸ್ಡ್ ಅನ್ನುವ ಪದ ಥಿಯರಂನಲ್ಲಿ ಇರುದು. ಕ್ಲೋಸ್ಡ್ ಓಪನ್ ಅನ್ನುದನ್ನ ಮಕ್ಕಳು ಮಂತ್ರದ ಹಾಗೆ ಬಾಯಿಪಾಠ ಮಾಡ್ತಾರೆ, ಯಾಕೆ ಅಂತ ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ತೋರಿಸಿದ್ರೆ ಹತ್ತು ನಿಮಿಷದ ಕೆಲಸ.

ಷರತ್ತು ಅಂದ್ರೆ ಸುಮ್ಮನೆ ಪುಸ್ತಕದ ಅಲಂಕಾರ ಅಂತ ತಿಳ್ಕೊಂಡವರಿಗೆ ಹಾರಂಗಿ ತೋರಿಸಬಹುದು. ಡ್ಯಾಮಿನ ಪೂರ್ತಿ ಮಟ್ಟ 2859 ಅಡಿ. ಒಂದು ಮಳೆಗಾಲದ ದಿನ ಬೆಳಿಗ್ಗೆ 2858 ಉಂಟು, ನೀರು ಒಂದೇ ವೇಗದಲ್ಲಿ ಏರ್ತಾ 2859 ಮುಟ್ಟಿತು, ಆ ಕ್ಷಣಕ್ಕೆ ಗೇಟ್ ಎತ್ತಿದ್ರು, ಅಷ್ಟೇ ವೇಗದಲ್ಲಿ ಇಳಿದು ಸಂಜೆ ಪುನಃ 2858 ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಬೆಳಿಗ್ಗೆ ಸಂಜೆ ಮಟ್ಟ ಸಮ, ನೀರು ಎಲ್ಲೂ ಹಾರುದಿಲ್ಲ ಹಾಗಾಗಿ ಕಂಟಿನ್ಯುಯಸ್. ಆದರೆ ಏರುವ ವೇಗ ಸೊನ್ನೆ ಆದ ಕ್ಷಣ ಒಂದೂ ಇಲ್ಲ, ಮೊದಲು ಪ್ಲಸ್, ಆಮೇಲೆ ಮೈನಸ್, ಮಧ್ಯೆ ಹೆಂಚಿನ ಮನೆಯ ಮಾಡಿನ ತುದಿ ಹಾಗೆ ಒಂದು ಚೂಪು. ನಿಜವಾದ ಗೇಟ್ ನಿಧಾನಕ್ಕೆ ಮೇಲೆ ಹೋಗ್ತದೆ, ಆಗ ಆ ಚೂಪು ಸ್ವಲ್ಪ ದುಂಡಗಾಗ್ತದೆ, ದುಂಡಗಾದ ತಕ್ಷಣ ಎಲ್ಲೋ ಒಂದು ಕ್ಷಣ ವೇಗ ಸೊನ್ನೆ ಆಗಲೇಬೇಕು. ಅಂದ್ರೆ ಥಿಯರಂ ನಿಂತಿರುದೇ ಆ ದುಂಡಗೆ ಮತ್ತು ಚೂಪಿನ ವ್ಯತ್ಯಾಸದ ಮೇಲೆ.

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಬಸ್ ಸುಂಟಿಕೊಪ್ಪದಲ್ಲಿ ನಿಂತು ಹತ್ತಿಸ್ಕೊಂಡು ಒಂದು ಗಂಟೆಗೆ ತಲುಪಿತು ಅಂದ್ರೆ, ದಾರಿಯಲ್ಲಿ ಯಾವುದೋ ಒಂದು ಕ್ಷಣ ಸ್ಪೀಡೋಮೀಟರ್ ಮುಳ್ಳು ಸರಿಯಾಗಿ 30ರ ಮೇಲೆ ಇತ್ತು ಅಂತ ನಾನು ಬಸ್ಸೇ ನೋಡದೆ ಹೇಳಬಲ್ಲೆ. ಇದು ರೋಲ್ಸ್ ಥಿಯರಂನ ದೊಡ್ಡಣ್ಣ, ಮೀನ್ ವ್ಯಾಲ್ಯೂ ಥಿಯರಂ. ಬಸ್ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಹುಟ್ಟುದಿಲ್ಲ, ಅದರ ವೇಗ ಎಲ್ಲೂ ಜಿಗಿಯುದಿಲ್ಲ, ಷರತ್ತು ಸರಿ ಉಂಟು ಅದಕ್ಕೇ ಹೇಳಬಲ್ಲೆ. ಇದನ್ನೇ ಕಾಫಿ ರೇಟಿಗೆ ಹೇಳ್ಲಿಕ್ಕೆ ಆಗುದಿಲ್ಲ. ವ್ಯಾಪಾರಿ ಬೆಳಿಗ್ಗೆ ಬೋರ್ಡಲ್ಲಿ 50 ಕೆಜಿ ಚೀಲಕ್ಕೆ ಇಷ್ಟು ಅಂತ ಬರೀತಾರೆ, ಸಂಜೆವರೆಗೆ ಅದೇ, ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಇನ್ನೂರು ಮೇಲೆ. ಗ್ರಾಫ್ ಹಾಕಿದ್ರೆ ಮೆಟ್ಟಿಲು. ಮೆಟ್ಟಿಲಿನ ಮೇಲೆ ಎಲ್ಲಿ ನಿಂತು ನೋಡಿದ್ರೂ ಇಳಿಜಾರು ಸೊನ್ನೆ, ಆದ್ರೂ ತಿಂಗಳ ಕೊನೆಗೆ ರೇಟ್ ಸಾವಿರಗಟ್ಟಲೆ ಏರಿರ್ತದೆ, ಸರಾಸರಿ ಏರಿಕೆಯಷ್ಟೇ ವೇಗ ಇದ್ದ ಕ್ಷಣ ಒಂದೂ ಸಿಗುದಿಲ್ಲ.

ಈ ಮೆಟ್ಟಿಲು ಫಂಕ್ಷನ್ ಮೊದಲು ಸೆಕೆಂಡ್ ಪಿಯುಸಿಯಲ್ಲೇ ಇತ್ತು. ಎನ್‌ಸಿಇಆರ್‌ಟಿ ಪುಸ್ತಕದ 5ನೇ ಅಧ್ಯಾಯದಲ್ಲಿ ಮೀನ್ ವ್ಯಾಲ್ಯೂ ಥಿಯರಂ ಅಂತ ಒಂದು ಭಾಗ, ಅದರ ಅಭ್ಯಾಸದಲ್ಲಿ ಗ್ರೇಟೆಸ್ಟ್ ಇಂಟಿಜರ್ ಫಂಕ್ಷನ್ (ಎಕ್ಸ್‌ಗಿಂತ ದೊಡ್ಡದಲ್ಲದ ಪೂರ್ಣಾಂಕಗಳಲ್ಲಿ ಅತಿ ದೊಡ್ಡದು) ಕೊಟ್ಟು ರೋಲ್ಸ್ ಥಿಯರಂ ಅನ್ವಯ ಆಗ್ತದಾ ನೋಡಿ, ಇದರಿಂದ ಕಾನ್ವರ್ಸ್, ಅಂದ್ರೆ ಥಿಯರಂ ತಿರುಗಿಸಿ ಹೇಳಿದ ಮಾತಿನ, ಬಗ್ಗೆ ಏನಾದ್ರೂ ಹೇಳಬಹುದಾ ಅಂತ ಕೇಳಿದ್ರು. ಆ ಒಂದು ಪ್ರಶ್ನೆಗೆ ನಾನು ಪೂರ್ತಿ ಒಂದು ಪೀರಿಯಡ್ ಕೊಡ್ತಿದ್ದೆ. ಮೈನಸ್ 2 ರಿಂದ 2ರಲ್ಲಿ ಷರತ್ತು ಒಂದೂ ಸರಿ ಇಲ್ಲ, ಕಂಟಿನ್ಯುಯಸ್ ಅಲ್ಲ, ಡಿಫರೆನ್ಷಿಯೇಬಲ್ ಅಲ್ಲ, ತುದಿ ಸಮ ಅಲ್ಲ, ಆದ್ರೂ ಡೆರಿವೇಟಿವ್ ಸೊನ್ನೆ ಆಗುವ ಬಿಂದು ಎಣಿಸಿ ಮುಗಿಯದಷ್ಟು. ಅಲ್ಲಿಗೆ ಮಕ್ಕಳಿಗೆ ಗೊತ್ತಾಗ್ತಿತ್ತು, ಸಿ ಸಿಗುದಕ್ಕೂ ಥಿಯರಂ ಅನ್ವಯ ಆಗುದಕ್ಕೂ ಸಂಬಂಧ ಒಂದೇ ದಿಕ್ಕಿನದು ಅಂತ. ಪಠ್ಯದ ಭಾರ ಕಡಿಮೆ ಮಾಡುವಾಗ ಆ ಭಾಗ ತೆಗೆದು ಹಾಕಿದ್ರು. ಈಗ ಮಕ್ಕಳು ಡಿಗ್ರಿಗೆ ಬಂದಮೇಲೆ ಮೊದಲ ಸಲ ಈ ಥಿಯರಂ ಮುಖ ನೋಡುದು, ಅದೂ ಗೈಡಲ್ಲಿ, ನಿಮ್ಮಂಥ ಪೇಪರಿನ ಪುಟದಲ್ಲಿ. ಹಾಗಾಗಿ ನಿಮ್ಮ ಜವಾಬ್ದಾರಿ ಮೊದಲಿಗಿಂತ ಹೆಚ್ಚಾಗಿದೆ ಅಂತ ನನ್ನ ಅಭಿಪ್ರಾಯ.

ತುದಿ ಬೆಲೆ ನೋಡಿ ಸಿ ಹುಡುಕಿದ್ರೆ ಸಾಕು ಅನ್ನುವ ಅಭ್ಯಾಸ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ಲೆಕ್ಕಗಳೆಲ್ಲ ಪಾಲಿನಾಮಿಯಲ್ ಆದ್ರೆ ಹಾಗೇ ಆಗ್ತದೆ. ಫ್ರಾನ್ಸಿನ ಮಿಶೆಲ್ ರೋಲ್ 1691ರಲ್ಲಿ ಇದನ್ನ ಹೇಳಿದ್ದೂ ಪಾಲಿನಾಮಿಯಲ್‌ಗೆ ಮಾತ್ರ. ಪಾಲಿನಾಮಿಯಲ್ ಎಲ್ಲೂ ಮುರಿಯುದಿಲ್ಲ, ಎಲ್ಲೂ ಮೂಲೆ ಇಲ್ಲ, ಚೆಕ್ ಮಾಡುವ ಪ್ರಶ್ನೆಯೇ ಬರ್ತಿರ್ಲಿಲ್ಲ. ಬೇರೆ ಫಂಕ್ಷನ್‌ಗಳಿಗೆ ಅದನ್ನ ಹಿಗ್ಗಿಸಿದಮೇಲೆ ಷರತ್ತು ಬಿಡಿಸಿ ಬರೆಯಬೇಕಾಯ್ತು. ಮತ್ತೆ 1872ರಲ್ಲಿ ಜರ್ಮನಿಯ ವೈಯರ್‌ಸ್ಟ್ರಾಸ್, ಅವರು ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಮಾಡಿದ ಮೇಷ್ಟ್ರು, ಎಲ್ಲೂ ಮುರಿಯದ, ಆದರೆ ಒಂದು ಬಿಂದುವಿನಲ್ಲೂ ಡೆರಿವೇಟಿವ್ ಇಲ್ಲದ ಫಂಕ್ಷನ್ ತಂದು ಮುಂದಿಟ್ರು, ಅಂದ್ರೆ ಗ್ರಾಫ್ ಪೂರ್ತಿ ಬರೀ ಚೂಪೇ ಚೂಪು. ಕಂಟಿನ್ಯುಯಸ್ ಇದ್ದಮೇಲೆ ಹೆಚ್ಚುಕಮ್ಮಿ ಡಿಫರೆನ್ಷಿಯೇಬಲ್ ಇರ್ತದೆ ಬಿಡಿ ಅನ್ನುವ ಮಾತು ಅಲ್ಲಿಗೆ ನಿಂತಿತು. ನಮ್ಮ ಗೈಡುಗಳಲ್ಲಿ ಮಾತ್ರ ಇನ್ನೂ ನಿಂತಿಲ್ಲ.

ಪಾಲಿನಾಮಿಯಲ್ ಆದ್ರೆ ಒಂದು ಸಾಲು ಸಾಕು, ಎಲ್ಲಾ ಕಡೆ ಡಿಫರೆನ್ಷಿಯೇಬಲ್ ಅಂತ ಬರೆದು ಮುಂದೆ ಹೋಗಿ. ಕಣ್ಣು ಇಡಬೇಕಾದ್ದು ಮಾಡ್ಯುಲಸ್ ಕಂಡಾಗ, ಛೇದದಲ್ಲಿ ಎಕ್ಸ್ ಇದ್ದಾಗ, ಘಾತ ಭಿನ್ನರಾಶಿ ಆದಾಗ, ಟ್ಯಾನ್ ಬಂದಾಗ, ತುಂಡು ತುಂಡಾಗಿ ಕೊಟ್ಟಾಗ. ಟ್ಯಾನ್ ಎಕ್ಸ್ 0 ರಿಂದ ಪೈವರೆಗೆ ತಗೊಂಡ್ರೆ ತುದಿ ಎರಡೂ ಸೊನ್ನೆ, ಮಕ್ಕಳು ಖುಷಿಯಲ್ಲಿ ಡೆರಿವೇಟಿವ್ ತೆಗೆದು ಸೆಕ್ ಸ್ಕ್ವೇರ್ ಎಕ್ಸ್ ಈಕ್ವಲ್ಸ್ 0 ಅಂತ ಬರೆದು ಅರ್ಧ ಪುಟ ಒದ್ದಾಡ್ತಾರೆ, ಅದು ಯಾವತ್ತೂ ಒಂದಕ್ಕಿಂತ ಕಡಿಮೆ ಆಗುದೇ ಇಲ್ಲ. ಪೈ ಬೈ 2ರಲ್ಲಿ ಫಂಕ್ಷನ್ನೇ ಇಲ್ಲ ಅಂತ ಮೊದಲೇ ನೋಡಿದ್ರೆ ಎರಡು ನಿಮಿಷ ಸಾಕಿತ್ತು.

ಪ್ರಶ್ನೆ ತೆಗೆಯುವವರಿಗೂ ಒಂದು ಮಾತು. ವೆರಿಫೈ ಮಾಡಿ ಅಂತ ಕೇಳಿದ್ರೆ ಅನ್ವಯ ಆಗ್ತದೆ ಅಂತ ನೀವೇ ಹೇಳಿಕೊಟ್ಟ ಹಾಗಾಯ್ತು, ಮಗು ಷರತ್ತು ನೋಡುದು ಯಾಕೆ? ಅನ್ವಯ ಆಗ್ತದಾ ಪರೀಕ್ಷಿಸಿ, ಆದ್ರೆ ಸಿ ಕಂಡುಹಿಡಿಯಿರಿ ಅಂತ ಕೇಳಿ. ನಾಲ್ಕು ಮಾರ್ಕಲ್ಲಿ ಮೂರು ಷರತ್ತಿಗೆ ಒಂದೊಂದು, ತೀರ್ಮಾನಕ್ಕೆ ಒಂದು ಇಡಿ. ಕೊಡಗಲ್ಲಿ ಮಳೆಗೆ ರಜೆ ಕೊಟ್ಟು ಕೊಟ್ಟು ಸಿಲಬಸ್ ಮುಗಿಸ್ಲಿಕ್ಕೆ ಮೇಷ್ಟ್ರುಗಳು ಎಷ್ಟು ಓಡ್ತಾರೆ ಅಂತ ನನಗೆ ಗೊತ್ತುಂಟು, ನಾನೂ ಓಡಿದವ, ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಸ್ಕೀಮಲ್ಲಿ ಷರತ್ತಿಗೆ ಮಾರ್ಕ್ ಇಟ್ರೆ ಪಾಠದಲ್ಲೂ ಅದಕ್ಕೆ ಟೈಮ್ ಸಿಗ್ತದೆ.

ನಿಮ್ಮಲ್ಲಿ ಕೇಳುದು ಇಷ್ಟು: ಮುಂದಿನ ವಿದ್ಯಾರ್ಥಿ ಪುಟದಲ್ಲಿ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಹೀಗೆ ಹಾಕಿದ್ರೆ ಸಾಕು: ಕೊಟ್ಟಿರುವ ಫಂಕ್ಷನ್ ಮೈನಸ್ 1 ಮತ್ತು 1ರಲ್ಲಿ ಡಿಫರೆನ್ಷಿಯೇಬಲ್ ಅಲ್ಲ, ಆದ್ದರಿಂದ ಮೈನಸ್ 2 ರಿಂದ 2ರ ಇಂಟರ್ವಲ್‌ನಲ್ಲಿ ರೋಲ್ಸ್ ಥಿಯರಂ ಅನ್ವಯಿಸುವುದಿಲ್ಲ, 0ಯಲ್ಲಿ ಡೆರಿವೇಟಿವ್ ಸೊನ್ನೆ ಆಗುವುದು ನಿಜವಾದರೂ ಅದು ಥಿಯರಂನಿಂದ ಬಂದದ್ದಲ್ಲ. ಮಗಳ ಬ್ಲೂ ಬುಕ್ ಈಗ ನನ್ನ ಮೇಜಿನ ಮೇಲೆ ಉಂಟು, ಕೊನೇ ಸಾಲು ಅವಳೇ ಪೆನ್ಸಿಲಲ್ಲಿ ಹೊಡೆದು ಪಕ್ಕದಲ್ಲಿ ಸರಿ ಮಾಡಿದ್ದಾಳೆ. ತಿದ್ದುಪಡಿ ಬಂದ ದಿನ ಆ ಪುಟ ಕತ್ತರಿಸಿ ಅದರ ಜೊತೆ ಇಟ್ಟು ಮೇಡಂ ಹತ್ರ ತಗೊಂಡು ಹೋಗ್ತಾಳಂತೆ, ಮೂರು ಮಾರ್ಕ್ ಕೇಳ್ಲಿಕ್ಕೆ.

ಇತಿ,
ಒಬ್ಬ ನಿವೃತ್ತ ಗಣಿತ ಉಪನ್ಯಾಸಕ
ನಾಪೋಕ್ಲು, ಕೊಡಗು